ಆಳಂದದಿಂದ ವಿಧಾನಸೌಧಕ್ಕೆ: ವೀರೇಂದ್ರ ಪಾಟೀಲರ ಶಾಸಕ ಜೀವನ

ಕರ್ನಾಟಕದ ಆಧುನಿಕ ರಾಜಕೀಯ ಚರಿತ್ರೆಯಲ್ಲಿ ವೀರೇಂದ್ರ ಪಾಟೀಲರ ಹೆಸರು ಸಾಮಾನ್ಯವಾಗಿ ಎರಡು ಘಟನೆಗಳೊಂದಿಗೆ ತಳಕು ಹಾಕಿಕೊಂಡಿದೆ. ಮೊದಲನೆಯದು ೧೯೭೮ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಎರಡನೆಯದು ೧೯೯೦ರ ಅಕ್ಟೋಬರಿನಲ್ಲಿ ಅವರು ಮುಖ್ಯಮಂತ್ರಿ ಪದವಿ ಕಳೆದುಕೊಂಡ ರೀತಿ. ಎರಡೂ ಸೋಲಿನ ಪ್ರಸಂಗಗಳು. ಎರಡರಲ್ಲೂ ಕಥೆಯ ಕೇಂದ್ರದಲ್ಲಿರುವವರು ದೆಹಲಿಯ ನಾಯಕರೇ ಹೊರತು ಪಾಟೀಲರಲ್ಲ. ಮೊದಲನೆಯದರಲ್ಲಿ ಅವರು ಇಂದಿರಾ ಗಾಂಧಿಯವರ ಎದುರಾಳಿ, ಎರಡನೆಯದರಲ್ಲಿ ರಾಜೀವ್ ಗಾಂಧಿಯವರ ತೀರ್ಮಾನಕ್ಕೆ ಗುರಿಯಾದವರು. ಈ ಬಗೆಯ ಸ್ಮರಣೆಯಿಂದಾಗಿ ೧೯೫೨ರಿಂದ ಆರಂಭವಾದ ಅವರ ಶಾಸಕ ಜೀವನ, ಅದು ರೂಪುಗೊಂಡ ಪ್ರದೇಶ, ಆ ಪ್ರದೇಶಕ್ಕೂ ಅವರಿಗೂ ಇದ್ದ ಸಂಬಂಧದ ತೊಡಕುಗಳು ಹಿನ್ನೆಲೆಗೆ ಸರಿದಿವೆ. ನಿಜಾಮರ ಆಳ್ವಿಕೆಗೊಳಪಟ್ಟಿದ್ದ ಕನ್ನಡ ಜಿಲ್ಲೆಗಳಿಂದ ಬಂದು ರಾಜ್ಯದ ಮುಖ್ಯಮಂತ್ರಿಯಾದ ಮೊದಲಿಗರು ಅವರು. ಮೊದಲಿಗರಾದುದು ಅವರ ಪ್ರದೇಶಕ್ಕೆ ಏನನ್ನು ತಂದಿತು, ಏನನ್ನು ತರಲಿಲ್ಲ ಎಂಬುದು ಚಿಕ್ಕಮಗಳೂರಿನ ಚುನಾವಣೆಗಿಂತ ಹೆಚ್ಚು ವಿಚಾರಯೋಗ್ಯವಾದ ಪ್ರಶ್ನೆ.

ಪಾಟೀಲರು ಜನಿಸಿದ್ದು ೧೯೨೪ರ ಫೆಬ್ರವರಿ ೨೮ರಂದು, ಅಂದಿನ ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿಯಲ್ಲಿ. ಜಿಲ್ಲೆಯ ಪೂರ್ವದ ಅಂಚಿನಲ್ಲಿ, ತೆಲುಗು ಸೀಮೆಗೆ ತಾಗಿಕೊಂಡಿರುವ ಊರು ಅದು. ಕನ್ನಡ ಮನೆಮಾತು, ಉರ್ದು ಆಡಳಿತ ಭಾಷೆ, ಪಕ್ಕದಲ್ಲಿ ತೆಲುಗು, ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ಮರಾಠಿ - ಇದು ಆ ಕಾಲದ ಗುಲ್ಬರ್ಗಾದ ಭಾಷಿಕ ಚಿತ್ರ. ಹೆಚ್ಚಿನ ಓದಿಗೆ ಹೋಗುವ ತರುಣನಿಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಸಹಜವಾದ ದಾರಿಯಾಗಿತ್ತು. ೧೯೧೮ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಪಾಟೀಲರು ಅಲ್ಲಿಂದ ಬಿ.ಎ. ಹಾಗೂ ಕಾನೂನು ಪದವಿ ಪಡೆದು ವಕೀಲಿ ವೃತ್ತಿ ಹಿಡಿದರು. ಮುಂದೆ ಆಡಳಿತಗಾರರಾಗಿ ಅವರು ಗಳಿಸಿದ ಹೆಸರಿನ ಹಿಂದೆ ಈ ವಕೀಲಿ ಶಿಸ್ತು ಇದೆ. ಕಡತವನ್ನು ಪೂರ್ತಿ ಓದಿ ನಿರ್ಣಯ ಬರೆಯುವವರು, ಸಭೆಯಲ್ಲಿ ಮಿತವಾಗಿ ಮಾತನಾಡುವವರು ಎಂಬುದು ಅವರ ಬಗೆಗೆ ಬೆಳೆದು ಬಂದ ಅಭಿಪ್ರಾಯ.

ಅವರ ತಾರುಣ್ಯದ ವರ್ಷಗಳು ಹೈದರಾಬಾದ್ ಸಂಸ್ಥಾನದ ಅತ್ಯಂತ ಪ್ರಕ್ಷುಬ್ಧ ಕಾಲಕ್ಕೆ ಸೇರಿದವು. ೧೯೪೭ರ ಆಗಸ್ಟ್ ೧೫ರಂದು ದೇಶ ಸ್ವತಂತ್ರವಾದರೂ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇನ್ನೂ ಹದಿಮೂರು ತಿಂಗಳು ನಿಜಾಮರ ಅಧೀನದಲ್ಲಿಯೇ ಉಳಿದವು. ರಜಾಕಾರರ ಹಾವಳಿ, ಗಡಿಯಾಚೆಯ ಶಿಬಿರಗಳಿಂದ ನಡೆದ ಪ್ರತಿರೋಧ, ಊರು ಬಿಟ್ಟು ಹೋದ ಕುಟುಂಬಗಳು, ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರವರೆಗಿನ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಅನೇಕ ಕಡೆ ಮುಸ್ಲಿಮರ ಮೇಲೆ ನಡೆದ ಹಿಂಸೆ - ಇವೆಲ್ಲ ಆ ತಲೆಮಾರಿನ ಅನುಭವದ ಭಾಗವಾಗಿದ್ದವು. ಈ ಹೋರಾಟದ ಮೂಲಕವೇ ಹೈದರಾಬಾದ್ ಕಾಂಗ್ರೆಸ್ಸಿನ ಹೊಸ ತಲೆಮಾರು ಸಾರ್ವಜನಿಕ ಜೀವನಕ್ಕೆ ಬಂದಿತು. ಪಾಟೀಲರೂ ಆ ತಲೆಮಾರಿನವರೇ.

ಶಾಸಕ ಎಂಬ ಸ್ಥಾನ ಈ ಪ್ರದೇಶಕ್ಕೆ ಎಷ್ಟು ಹೊಸದಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ೧೮೮೧ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಅದರ ಅಧಿಕಾರ ಸೀಮಿತವಾಗಿದ್ದರೂ ಅಹವಾಲು ಹೇಳುವ, ಪ್ರಶ್ನೆ ಕೇಳುವ ರೂಢಿಯೊಂದು ಅಲ್ಲಿ ಬೆಳೆದಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳವರಿಗೆ ೧೯೩೭ರ ಚುನಾಯಿತ ವಿಧಾನಸಭೆಯ ಅನುಭವವಿತ್ತು. ನಿಜಾಮರ ಸೀಮೆಯಲ್ಲಿ ಇಂಥ ಪೂರ್ವಪರಂಪರೆ ಇಲ್ಲವೆನ್ನುವಷ್ಟು ಕ್ಷೀಣ. ಆಳಂದ, ಅಫಜಲಪುರಗಳಂಥ ಪ್ರದೇಶಗಳು ನೇರವಾಗಿ ನಿಜಾಮರ ಸರಕಾರದ ಆಡಳಿತದಲ್ಲಿಯೂ ಇರದೆ ಪಾಯಗಾ ಎಂಬ ಉಂಬಳಿ ವ್ಯವಸ್ಥೆಗೆ ಒಳಪಟ್ಟಿದ್ದವು. ಸೈನ್ಯ ಪೋಷಣೆಯ ನೆಪದಲ್ಲಿ ಕೆಲವೇ ಅಮೀರ ಮನೆತನಗಳಿಗೆ ಬಿಟ್ಟುಕೊಟ್ಟ ಸೀಮೆ ಅದು. ರೈತನಿಗೂ ಸರಕಾರಕ್ಕೂ ನಡುವೆ ಜಹಗೀರುದಾರನಿದ್ದ. ೧೯೪೯ರಲ್ಲಿ ಜಹಗೀರು ರದ್ದಾಯಿತು. ೧೯೫೦ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿಭೂಮಿ ಕಾಯಿದೆ ಬಂದಿತು. ಅದಾದ ಎರಡೇ ವರ್ಷಕ್ಕೆ ವಯಸ್ಕರೆಲ್ಲರಿಗೂ ಮತದಾನ. ಜಹಗೀರುದಾರನ ಕಾರಕೂನನ ಎದುರು ಕೈಕಟ್ಟಿ ನಿಲ್ಲುತ್ತಿದ್ದ ಊರುಗಳು ಮೂರು ವರ್ಷಗಳೊಳಗೆ ಶಾಸಕನನ್ನು ಆರಿಸಿ ಕಳುಹಿಸುವ ಊರುಗಳಾದವು.

ಆ ಮೊದಲ ಚುನಾವಣೆಯಲ್ಲಿ, ೧೯೫೨ರಲ್ಲಿ, ಆಳಂದ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಆಯ್ಕೆಯಾಗಿ ಹೈದರಾಬಾದ್ ವಿಧಾನಸಭೆಗೆ ಹೋದವರು ೨೮ರ ಪ್ರಾಯದ ವೀರೇಂದ್ರ ಪಾಟೀಲರು. ಚಿಂಚೋಳಿ ಜಿಲ್ಲೆಯ ಪೂರ್ವಕ್ಕಿದ್ದರೆ ಆಳಂದ ವಾಯವ್ಯಕ್ಕೆ, ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ಮುಖ ಮಾಡಿರುವ ತಾಲೂಕು. ಲಾಡ್ಲೆ ಮಶಾಕರ ದರ್ಗಾ ಇರುವ, ತೊಗರಿ-ಜೋಳ ಬೆಳೆಯುವ ಕರಿನೆಲದ ಸೀಮೆ. ದಕ್ಷಿಣಕ್ಕೆ ಇಳಿದರೆ ಗಾಣಗಾಪುರದ ದತ್ತಕ್ಷೇತ್ರವುಳ್ಳ ಅಫಜಲಪುರ. ಭೀಮಾನದಿ ದಾಟಿದರೆ ಜೇವರ್ಗಿ. ಹುಟ್ಟಿದ ತಾಲೂಕಿನಿಂದಲ್ಲದೆ ಜಿಲ್ಲೆಯ ಇನ್ನೊಂದು ಬದಿಯಿಂದ ಆಯ್ಕೆಯಾದುದು ಅವರ ಮುಂದಿನ ರಾಜಕೀಯದ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ಒಂದು ತಾಲೂಕಿನ ಗೌಡಕಿಯ ಬಲದ ಮೇಲೆ ನಿಂತ ನಾಯಕತ್ವವಾಗಿ ಅದು ಆರಂಭವಾಗಲಿಲ್ಲ. ಪಕ್ಷ ಸೂಚಿಸಿದ ಸ್ಥಳಕ್ಕೆ ಹೋಗಿ ನಿಲ್ಲುವ ಅಭ್ಯಾಸ ಅವರಿಗೆ ಮೊದಲ ಹೆಜ್ಜೆಯಲ್ಲಿಯೇ ಬಂದಿತು. ಮುಂದೆ ಚಿಕ್ಕಮಗಳೂರು, ಬಾಗಲಕೋಟೆಗಳಿಗೂ ಅವರು ಹಾಗೆಯೇ ಹೋದರು.

ಬೂರ್ಗುಲ ರಾಮಕೃಷ್ಣರಾವ್ ಅವರ ಮಂತ್ರಿಮಂಡಲದ ಕಾಲದ ಹೈದರಾಬಾದ್ ವಿಧಾನಸಭೆ ಭಾರತದ ಶಾಸನಸಭೆಗಳಲ್ಲಿಯೇ ವಿಶಿಷ್ಟವಾದುದು. ೧೭೫ ಸದಸ್ಯರ ಆ ಸದನದಲ್ಲಿ ತೆಲಂಗಾಣದ ರೈತ ಹೋರಾಟದಿಂದ ಬಂದ ಎಡಪಂಥೀಯರು ಪ್ರಬಲ ವಿರೋಧ ಪಕ್ಷವಾಗಿದ್ದರು. ತೆಲುಗು, ಮರಾಠಿ, ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ಎಲ್ಲವೂ ಅಲ್ಲಿ ಕೇಳಿಬರುತ್ತಿದ್ದವು. ಕನ್ನಡ ಜಿಲ್ಲೆಗಳ ಸದಸ್ಯರು ಸಂಖ್ಯೆಯಲ್ಲಿ ಕಡಮೆ. ತೆಲುಗು ಮತ್ತು ಮರಾಠಿ ಗುಂಪುಗಳ ನಡುವೆ ಅವರದು ಮೂರನೆಯ ಸ್ಥಾನ. ಅಲ್ಪಸಂಖ್ಯಾತರಾಗಿ ಸದನದಲ್ಲಿ ಕುಳಿತು ಕೆಲಸ ಸಾಧಿಸುವ ಕಲೆಯನ್ನು ಪಾಟೀಲರು ಕಲಿತದ್ದು ಇಲ್ಲಿಯೇ ಎಂದು ಭಾವಿಸಲು ಅವಕಾಶವಿದೆ.

ಫಜಲ್ ಅಲಿ ಆಯೋಗದ ವರದಿ ೧೯೫೫ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಮೇಲೆ ಆ ಸದನದ ಆಯುಷ್ಯವೇ ಮುಗಿಯಿತು. ವರದಿ ಗುಲ್ಬರ್ಗಾ, ರಾಯಚೂರುಗಳನ್ನು ಕನ್ನಡ ರಾಜ್ಯಕ್ಕೆ ಕೊಟ್ಟರೂ ಬೀದರವನ್ನು ಹೈದರಾಬಾದಿನಲ್ಲಿಯೇ ಉಳಿಸುವ ಸಲಹೆ ಮಾಡಿತ್ತು. ಕೊನೆಗೆ ಬೀದರ ಜಿಲ್ಲೆ ಒಡೆದು ಹಂಚಿಹೋಯಿತು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅಂದರೆ ಪಾಟೀಲರ ಹುಟ್ಟೂರಿನ ನೆರೆಯಲ್ಲಿಯೇ ಹೊಸ ಗಡಿ ಬಂದು ನಿಂತಿತು. ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಹೈದರಾಬಾದ್ ವಿಧಾನಸಭೆಯ ಕನ್ನಡ ಜಿಲ್ಲೆಗಳ ಸದಸ್ಯರು ಬೆಂಗಳೂರಿನ ವಿಧಾನಸಭೆಯ ಸದಸ್ಯರಾದರು. ಉರ್ದುವಿನಲ್ಲಿ ಕಾನೂನು ಓದಿದವರು ಹೊಸ ವಿಧಾನಸೌಧದಲ್ಲಿ ಕುಳಿತು ಮೈಸೂರಿನ ಇಂಗ್ಲಿಷ್ ಕಡತಗಳ ಆಡಳಿತಕ್ಕೆ ಹೊಂದಿಕೊಳ್ಳಬೇಕಾಯಿತು. ಏಕೀಕರಣದ ಸಂಭ್ರಮವನ್ನು ಬಣ್ಣಿಸುವ ಬರವಣಿಗೆಗಳು ಈ ಹೊಂದಾಣಿಕೆಯ ಕಷ್ಟವನ್ನು ಅಷ್ಟಾಗಿ ಗಮನಿಸಿಲ್ಲ.

೧೯೫೭ರ ಚುನಾವಣೆಯಲ್ಲಿ ಪಾಟೀಲರು ಚಿಂಚೋಳಿಯಿಂದ ಆಯ್ಕೆಯಾದರು. ೧೯೬೨, ೧೯೬೭ರಲ್ಲಿಯೂ ಅದೇ ಕ್ಷೇತ್ರ ಅವರನ್ನು ಕಳುಹಿಸಿತು. ಎಸ್. ನಿಜಲಿಂಗಪ್ಪನವರ ಮೊದಲ ಮಂತ್ರಿಮಂಡಲದಲ್ಲಿ ಉಪಮಂತ್ರಿಯಾಗಿದ್ದ ಅವರು ೧೯೬೨ರ ನಂತರದ ಮಂತ್ರಿಮಂಡಲದಲ್ಲಿ ಲೋಕೋಪಯೋಗಿ ಖಾತೆಯ ಸಚಿವರಾದರು. ರಸ್ತೆ, ಸೇತುವೆ, ನೀರಾವರಿಗಳೇ ಹೊಸ ರಾಜ್ಯವನ್ನು ಭೌತಿಕವಾಗಿ ಹೊಲಿಯಬೇಕಿದ್ದ ದಶಕವದು. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು ೧೯೬೪ರ ಮೇ ತಿಂಗಳಲ್ಲಿ. ಈ ವರ್ಷಗಳಲ್ಲಿ ಪಾಟೀಲರು ಮತ್ತು ರಾಮಕೃಷ್ಣ ಹೆಗಡೆಯವರು ನಿಜಲಿಂಗಪ್ಪನವರ ಅತ್ಯಂತ ನಂಬುಗೆಯ ಇಬ್ಬರು ತರುಣರಾಗಿ ಬೆಳೆದರು. ಅವರನ್ನು ಲವ-ಕುಶರೆಂದು ಜನ ಕರೆಯುತ್ತಿದ್ದುದು ಪ್ರಸಿದ್ಧವೇ ಇದೆ.

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ ಅವರ ಉತ್ತರಾಧಿಕಾರಿಯಾಗಿ ೧೯೬೮ರ ಮೇ ೨೯ರಂದು ಪಾಟೀಲರು ಮುಖ್ಯಮಂತ್ರಿಯಾದರು. ಆಗ ಅವರಿಗೆ ೪೪ ವರ್ಷ. ರಾಜ್ಯ ಒಂದಾಗಿ ಹನ್ನೆರಡು ವರ್ಷವೂ ತುಂಬಿರಲಿಲ್ಲ. ನಿಜಾಮರ ಸೀಮೆಯಿಂದ ಬಂದವರೊಬ್ಬರು ಇಷ್ಟು ಬೇಗ ಆ ಸ್ಥಾನಕ್ಕೆ ಬರುವರೆಂದು ೧೯೫೬ರಲ್ಲಿ ಯಾರೂ ಎಣಿಸಿರಲಾರರು. ಹೆಗಡೆಯವರು ಹಣಕಾಸು ಖಾತೆ ವಹಿಸಿಕೊಂಡರು. ಸುಮಾರು ಮೂರು ವರ್ಷಗಳ ಈ ಆಡಳಿತ ಗದ್ದಲವಿಲ್ಲದ, ಲೆಕ್ಕಾಚಾರದ ಆಡಳಿತವಾಗಿತ್ತು. ೧೯೭೦ರ ಜುಲೈಯಲ್ಲಿ ಸ್ಥಾಪನೆಯಾದ ಮೈಸೂರು ವಿದ್ಯುತ್ ನಿಗಮ ಅದರ ದೊಡ್ಡ ಸಂಸ್ಥಾರೂಪಿ ಕೊಡುಗೆ. ಇದೇ ಮುಂದೆ ಕರ್ನಾಟಕ ವಿದ್ಯುತ್ ನಿಗಮವೆನಿಸಿತು. ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ರಚನೆಯಾದುದು ೧೯೬೯ರ ಏಪ್ರಿಲಿನಲ್ಲಿ, ಅವರ ಅಧಿಕಾರಾವಧಿಯಲ್ಲಿಯೇ. ಮಹಾಜನ ಆಯೋಗದ ೧೯೬೭ರ ವರದಿಯನ್ನು ಯಥಾವತ್ತಾಗಿ ಜಾರಿಗೆ ತರಬೇಕೆಂಬ ರಾಜ್ಯದ ನಿಲುವನ್ನು ಅವರ ಸರಕಾರವೂ ಎತ್ತಿಹಿಡಿಯಿತು. ಆಳಂದದ ಮತದಾರರಿಗೆ ಇದು ದೂರದ ವಿಚಾರವಾಗಿರಲಿಲ್ಲ; ಆ ವರದಿ ಕರ್ನಾಟಕಕ್ಕೆ ಸೇರಬೇಕೆಂದ ಅಕ್ಕಲಕೋಟೆ ಅವರ ಸಂತೆಯ ಊರುಗಳ ಸಾಲಿನಲ್ಲಿಯೇ ಇದೆ.

ಕಲಬುರಗಿಗೆ ಈ ಅವಧಿಯಲ್ಲಿ ದೊರೆತ ಮುಖ್ಯವಾದ ಸಂಸ್ಥೆ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ೧೯೭೦ರಲ್ಲಿ ಆರಂಭವಾದ ಈ ಕೇಂದ್ರವೇ ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಪಾಟೀಲರ ತಲೆಮಾರಿನವರು ಓದಿಗಾಗಿ ಹೈದರಾಬಾದಿಗೆ, ಅನಂತರದವರು ಧಾರವಾಡಕ್ಕೆ ಹೋಗಬೇಕಿದ್ದ ಸ್ಥಿತಿಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಆದರೂ ಪ್ರಶ್ನೆ ಉಳಿಯುತ್ತದೆ. ಮುಖ್ಯಮಂತ್ರಿಯಾಗಿ ಪಾಟೀಲರು ತಮ್ಮ ಪ್ರದೇಶಕ್ಕಾಗಿ ಪ್ರತ್ಯೇಕವಾದೊಂದು ರಾಜಕಾರಣ ಕಟ್ಟಲಿಲ್ಲ. ಇಡೀ ರಾಜ್ಯವನ್ನು ಒಂದೇ ಘಟಕವಾಗಿ ಕಾಣುವುದು ಅವರ ನಿಲುವು. ತಮ್ಮ ಸೀಮೆಯವರಿಗೆ ಮೊದಲು ಬಡಿಸುವುದು ಅವರ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ಏಕೀಕರಣಕ್ಕಾಗಿ ದುಡಿದ ತಲೆಮಾರಿನಲ್ಲಿ ಇದು ಸಹಜವಾದ ಆದರ್ಶವೇ. ಹೊಸದಾಗಿ ಸೇರಿದ ಸೀಮೆಯವನು ಪಕ್ಷಪಾತಿಯೆನಿಸಿಕೊಳ್ಳಬಾರದೆಂಬ ಎಚ್ಚರವೂ ಅದರಲ್ಲಿ ಸೇರಿರಬಹುದು. ಅದರ ಬೆಲೆ ತೆತ್ತವರು ಯಾರೆಂಬುದನ್ನು ನೀರಾವರಿಯ ಭೂಪಟ ಹೇಳುತ್ತದೆ. ಕೃಷ್ಣಾ ಮೇಲ್ದಂಡೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆಯ ಮೂಲಕ ಜೇವರ್ಗಿ ಶಾಖಾ ಕಾಲುವೆಗೆ ಬಂದುದು ದಶಕಗಳ ನಂತರ. ಆಳಂದ, ಅಫಜಲಪುರಗಳು ಆ ಯೋಜನೆಯ ಹೊರಗೇ ಉಳಿದವು. ಆಳಂದದ ಅಮರ್ಜಾ, ಅಫಜಲಪುರದ ಭೀಮಾ ಏತ ನೀರಾವರಿಗಳು ಇನ್ನಷ್ಟು ತಡವಾಗಿ, ಕುಂಟುತ್ತ ಸಾಗಿದವು. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು ಮುಗಿದ ಮೇಲೆ ಭೀಮೆಯ ಬೇಸಿಗೆ ಹರಿವು ಅದರ ಬಾಗಿಲುಗಳನ್ನು ಅವಲಂಬಿಸಿತು. ಡಿ.ಎಂ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ರಾಜ್ಯದ ೩೯ ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ ೨೧ ಹೈದರಾಬಾದ್ ಕರ್ನಾಟಕದಲ್ಲಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಎರಡು ಬಾರಿ ಮುಖ್ಯಮಂತ್ರಿಯನ್ನು ಕೊಟ್ಟ ಚಿಂಚೋಳಿಯೂ ಇತ್ತು.

ಇದನ್ನು ಪಾಟೀಲರೊಬ್ಬರ ಲೋಪವೆನ್ನುವುದು ಸರಿಯಾಗದು. ಅವರ ಮೊದಲ ಅವಧಿ ಮೂರು ವರ್ಷದ್ದು, ಎರಡನೆಯದು ಹನ್ನೊಂದು ತಿಂಗಳಿಗೂ ಕಡಮೆ. ಆದರೆ ಒಬ್ಬ ವ್ಯಕ್ತಿಯ ಏಳಿಗೆಯನ್ನು ಪ್ರದೇಶದ ಏಳಿಗೆಯೆಂದು ಭಾವಿಸುವ ವಾಡಿಕೆಯನ್ನು ಈ ಪಟ್ಟಿ ಅಲುಗಾಡಿಸುತ್ತದೆ. ಜೇವರ್ಗಿ ತಾಲೂಕಿನ ನೆಲೋಗಿಯವರಾದ ಎನ್. ಧರ್ಮಸಿಂಗ್ ೨೦೦೪ರಲ್ಲಿ ಮುಖ್ಯಮಂತ್ರಿಯಾಗುವವರೆಗೆ ಈ ಸೀಮೆಯಿಂದ ಪಾಟೀಲರ ಹೊರತು ಬೇರೆಯವರು ಆ ಪೀಠ ಏರಲಿಲ್ಲ. ಸಂವಿಧಾನದ ೩೭೧(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದುದು ೨೦೧೨ರ ತಿದ್ದುಪಡಿಯಿಂದ. ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದುದು ೨೦೧೯ರಲ್ಲಿ. ಪ್ರಾದೇಶಿಕ ಹಕ್ಕಿನ ಈ ಭಾಷೆ ಪಾಟೀಲರ ಕಾಲದ ಶಾಸಕರಿಗೆ ಇನ್ನೂ ದಕ್ಕಿರಲಿಲ್ಲ.

೧೯೬೯ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಪಾಟೀಲರ ಸರಕಾರವೇ ಆತಿಥೇಯ. ಪಕ್ಷದ ಬಿರುಕು ಬಯಲಾದುದು ಅಲ್ಲಿ. ನವೆಂಬರಿನಲ್ಲಿ ಪಕ್ಷ ಒಡೆಯಿತು. ಪಾಟೀಲರು ಗುರುವಿನೊಂದಿಗೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ೧೯೭೧ರ ಮಾರ್ಚ್ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ ೨೭ ಸ್ಥಾನಗಳನ್ನೂ ಗೆದ್ದಿತು. ಶಾಸಕರು ಸಾಲುಗಟ್ಟಿ ಪಕ್ಷ ಬದಲಿಸಿದರು. ಮಾರ್ಚ್ ೧೮ರಂದು ಪಾಟೀಲರ ಆಡಳಿತ ಕೊನೆಗೊಂಡು ರಾಷ್ಟ್ರಪತಿ ಆಳ್ವಿಕೆ ಬಂದಿತು. ಮುಂದಿನ ದಶಕ ದೇವರಾಜ ಅರಸು ಅವರದು. ೧೯೭೨ರಿಂದ ಪಾಟೀಲರು ರಾಜ್ಯಸಭೆಯಲ್ಲಿದ್ದರು.

ಚಿಕ್ಕಮಗಳೂರಿನ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೯೭೮ರ ನವೆಂಬರಿನಲ್ಲಿ ಜನತಾ ಪಕ್ಷದ ಅಭ್ಯರ್ಥಿಯಾಗಿ ಅವರು ಇಂದಿರಾ ಗಾಂಧಿಯವರ ವಿರುದ್ಧ ನಿಂತು ೭೭ ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗಮನಾರ್ಹವಾದುದು ಅನಂತರದ ಬೆಳವಣಿಗೆ. ೧೯೮೦ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರು ಇಂದಿರಾ ಕಾಂಗ್ರೆಸ್ಸಿನಲ್ಲಿದ್ದರು. ಬಾಗಲಕೋಟೆಯಿಂದ ಗೆದ್ದು ಕೇಂದ್ರ ಸಚಿವರಾದರು. ಪೆಟ್ರೋಲಿಯಂ ಮತ್ತು ರಸಾಯನ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ನಿರ್ವಹಿಸಿದರು. ೧೯೮೪ರಲ್ಲಿ ಗುಲ್ಬರ್ಗಾ ಲೋಕಸಭಾ ಕ್ಷೇತ್ರದಿಂದ ಆಯ್ಕೆಯಾದರು. ಪಕ್ಷಾಂತರದ ಈ ನಡೆಯನ್ನು ಅವಕಾಶವಾದವೆಂದವರೂ ಉಂಟು. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಜನತಾ ಪಕ್ಷ ಒಡೆಯುತ್ತಿದ್ದಾಗ ಆಡಳಿತದಲ್ಲಿಯೇ ತಮ್ಮ ಸಾಮರ್ಥ್ಯವಿದೆಯೆಂದು ಅರಿತವರು, ವಿರೋಧ ಪಕ್ಷದ ಬೀದಿ ಹೋರಾಟಕ್ಕೆ ಒಗ್ಗದವರು ಆಡಳಿತ ಪಕ್ಷಕ್ಕೆ ಮರಳಿದರು ಎಂಬ ವಿವರಣೆ ಮಾತ್ರ ಅದಕ್ಕೆ ಸೇರಿಸಬಹುದು.

೧೯೮೯ರ ನವೆಂಬರ್ ಚುನಾವಣೆಯ ವೇಳೆಗೆ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರು ಅವರೇ. ಜನತಾದಳದ ಒಳಜಗಳ, ಬೊಮ್ಮಾಯಿ ಸರಕಾರದ ವಜಾ, ರಾಷ್ಟ್ರಪತಿ ಆಳ್ವಿಕೆಗಳ ಹಿನ್ನೆಲೆಯಲ್ಲಿ ನಡೆದ ಆ ಚುನಾವಣೆಯಲ್ಲಿ ಕಾಂಗ್ರೆಸ್ ೨೨೪ರಲ್ಲಿ ೧೭೮ ಸ್ಥಾನ ಗೆದ್ದಿತು. ದೇಶದಲ್ಲಿ ರಾಜೀವ್ ಗಾಂಧಿಯವರು ಅಧಿಕಾರ ಕಳೆದುಕೊಂಡ ಚುನಾವಣೆ ಅದು ಎಂಬುದನ್ನು ಮರೆಯಬಾರದು. ಲಿಂಗಾಯತ ಮತದಾರರು ಕಾಂಗ್ರೆಸ್ಸಿಗೆ ಮರಳಿದ್ದರಲ್ಲಿ ಪಾಟೀಲರ ನಾಯಕತ್ವದ ಪಾತ್ರ ದೊಡ್ಡದು. ಚಿಂಚೋಳಿಯ ಶಾಸಕರಾಗಿ ಹದಿನೆಂಟು ವರ್ಷಗಳ ಅಂತರದ ನಂತರ ನವೆಂಬರ್ ೩೦ರಂದು ಅವರು ಮತ್ತೆ ಮುಖ್ಯಮಂತ್ರಿಯಾದರು. ಈ ಅವಧಿಯಲ್ಲಿ ಅಬಕಾರಿ ಆದಾಯದ ಸೋರಿಕೆ ತಡೆಯಲು, ತೆರಿಗೆ ಕಟ್ಟದ ಮದ್ಯದ ವ್ಯಾಪಾರಕ್ಕೆ ಕಡಿವಾಣ ಹಾಕಲು ಅವರು ಮಾಡಿದ ಪ್ರಯತ್ನ ಬಲಿಷ್ಠರಾದ ಮದ್ಯದ ಗುತ್ತಿಗೆದಾರರನ್ನು ಎದುರು ಹಾಕಿಕೊಳ್ಳುವಂತೆ ಮಾಡಿತು. ಪಕ್ಷದೊಳಗಿನ ಅತೃಪ್ತರ ಸಂಖ್ಯೆಯೂ ಬೆಳೆಯುತ್ತಿತ್ತು.

೧೯೯೦ರ ಶರತ್ಕಾಲದಲ್ಲಿ, ರಥಯಾತ್ರೆಯ ಬಿಸಿಯ ನಡುವೆ, ಚನ್ನಪಟ್ಟಣ, ರಾಮನಗರ, ದಾವಣಗೆರೆ ಮುಂತಾದೆಡೆ ಕೋಮು ಗಲಭೆಗಳಾದವು. ಅದೇ ಹೊತ್ತಿಗೆ ಪಾರ್ಶ್ವವಾಯುವಿಗೆ ತುತ್ತಾಗಿ ಮುಖ್ಯಮಂತ್ರಿಗಳು ಹಾಸಿಗೆ ಹಿಡಿದಿದ್ದರು. ಗಲಭೆಪೀಡಿತ ಊರುಗಳಿಗೆ ಭೇಟಿಯಿತ್ತು ಹಿಂದಿರುಗುವಾಗ ರಾಜೀವ್ ಗಾಂಧಿಯವರು ನಾಯಕತ್ವ ಬದಲಾವಣೆಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಪ್ರಕಟಿಸಿದರು. ಗಲಭೆಗಳಲ್ಲಿ ಜೀವಹಾನಿಯಾಗಿತ್ತು, ಆಡಳಿತದ ಹೊಣೆಯಿಂದ ಮುಖ್ಯಮಂತ್ರಿ ನುಣುಚಿಕೊಳ್ಳುವಂತಿರಲಿಲ್ಲ. ಆದರೆ ೧೭೮ ಶಾಸಕರ ನಾಯಕನನ್ನು ಬದಲಿಸುವ ಮಾತು ಶಾಸಕಾಂಗ ಪಕ್ಷದ ಸಭೆಯಲ್ಲಿ ಹುಟ್ಟದೆ ವಿಮಾನದ ಮೆಟ್ಟಿಲ ಬಳಿ ಹುಟ್ಟಿದ್ದು ಶಾಸಕ ಸ್ಥಾನಕ್ಕೇ ಆದ ಅವಮಾನ. ಪಾಟೀಲರು ಸುಮ್ಮನೆ ಬಾಗಲಿಲ್ಲ; ತಕರಾರು ಬೆಳೆದು ಅಕ್ಟೋಬರ್ ೧೦ರಂದು ರಾಷ್ಟ್ರಪತಿ ಆಳ್ವಿಕೆ ಘೋಷಣೆಯಾಯಿತು. ಒಂದು ವಾರದ ನಂತರ, ೧೭ರಂದು, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದು ಬೊಮ್ಮಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿದ್ದು ೧೯೯೪ರ ಮಾರ್ಚಿನಲ್ಲಿ. ಪಕ್ಷದ ವರಿಷ್ಠರು ತಮ್ಮದೇ ಮುಖ್ಯಮಂತ್ರಿಯನ್ನು ಕೆಳಗಿಳಿಸುವುದಕ್ಕೆ ಆ ತೀರ್ಪಿನಲ್ಲಿಯೂ ಮದ್ದಿಲ್ಲ.

ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ೩೪ ಸ್ಥಾನಗಳಿಗೆ ಕುಸಿದು, ಜನತಾದಳ ೧೧೫, ಭಾರತೀಯ ಜನತಾ ಪಕ್ಷ ೪೦ ಸ್ಥಾನ ಪಡೆದವು. ಈ ಕುಸಿತಕ್ಕೆ ಪಾಟೀಲರ ಪದಚ್ಯುತಿಯೊಂದನ್ನೇ ಕಾರಣವಾಗಿ ಹೇಳುವುದು ಅತಿಯಾದೀತು. ನಾಲ್ಕು ವರ್ಷಗಳಲ್ಲಿ ಬಂಗಾರಪ್ಪ ಮತ್ತು ವೀರಪ್ಪ ಮೊಯಿಲಿಯವರ ಸರಕಾರಗಳೂ ನಡುವೆ ಬಂದಿದ್ದವು. ಆದರೆ ಉತ್ತರ ಕರ್ನಾಟಕದ ಲಿಂಗಾಯತರಲ್ಲಿ ಕಾಂಗ್ರೆಸ್ಸಿನ ಬಗೆಗೆ ಹುಟ್ಟಿದ ಮುನಿಸಿಗೆ ೧೯೯೦ರ ಆ ದಿನವೇ ಗುರುತಾಗಿ ಉಳಿಯಿತು. ಪಾಟೀಲರು ಆ ಮುನಿಸನ್ನು ಬಂಡವಾಳ ಮಾಡಿಕೊಳ್ಳಲು ಹೊಸ ಪಕ್ಷ ಕಟ್ಟಲಿಲ್ಲ. ಆರೋಗ್ಯವೂ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ೧೯೯೭ರ ಮಾರ್ಚ್ ೧೪ರಂದು, ೭೩ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.